ಬಿಕ್ಯಾಶ್‌ಎಫ್‌ಎಸ್: ಖಾಲಿ ಡಿಸ್ಕಿನ ವೇಗವೊಂದೇ ಅಳತೆಯಲ್ಲ

2024ರ ಜನವರಿಯಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ 6.7ನೇ ಆವೃತ್ತಿಯೊಡನೆ ಪ್ರಾಯೋಗಿಕವೆಂಬ ಹಣೆಪಟ್ಟಿ ಹೊತ್ತೇ ಬಂದ ಬಿಕ್ಯಾಶ್‌ಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ ಅನ್ನು ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಫೋಟೊ ಸ್ಟುಡಿಯೊದಲ್ಲಿ ಬಳಸುತ್ತಿದ್ದೇವೆ. ಹೊಸ ಖಾಲಿ ಡಿಸ್ಕಿಗೆ ಒಂದೇ ದೊಡ್ಡ ಫೈಲ್ ಬರೆದು, ಇದು ಲಿನಕ್ಸ್‌ನ ಹಳೆಯ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ಗಿಂತ ನಿಧಾನವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಏಕೆಂದರೆ ಇದು ನಮ್ಮ ಚಿತ್ರಗಳ ದತ್ತಾಂಶಕ್ಕೂ ಚೆಕ್‌ಸಮ್ (ದತ್ತಾಂಶ ಕೆಟ್ಟರೆ ಪತ್ತೆಹಚ್ಚುವ ಸಂಖ್ಯೆ) ಲೆಕ್ಕ ಹಾಕಿ, ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತದೆ, ಇಎಕ್ಸ್‌ಟಿ4 ಆ ಲೆಕ್ಕವನ್ನು ಫೈಲಿನ ಹೆಸರು, ಗಾತ್ರದಂಥ ವಿವರಗಳಾದ ಮೆಟಾಡೇಟಾಗಷ್ಟೇ ಮಾಡುತ್ತದೆ. ಮದುವೆಯ ಹಂಗಾಮಿನಲ್ಲಿ ಡಿಸ್ಕ್ ಮುಕ್ಕಾಲು ತುಂಬಿರುವಾಗಲೇ ಎರಡು ಕ್ಯಾಮೆರಾ ಕಾರ್ಡುಗಳಿಂದ ಚಿತ್ರಗಳು ಒಟ್ಟಿಗೆ ಇಳಿಯುತ್ತಿರುತ್ತವೆ, ಪಕ್ಕದಲ್ಲಿ ಆಲ್ಬಂ ವಿನ್ಯಾಸವೂ ಸಾಗಿರುತ್ತದೆ. ಅಳೆಯಬೇಕಾದದ್ದು ಆ ಹೊತ್ತಿನ ವಿಳಂಬವನ್ನು. ಒಂದು ಕ್ಷಣದಲ್ಲಿ ಫೈಲುಗಳಿದ್ದ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಸೌಲಭ್ಯ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಕರ್ನಲ್ 6.18ರಲ್ಲಿ ಬಿಕ್ಯಾಶ್‌ಎಫ್‌ಎಸ್ ಅನ್ನೇ ತೆಗೆದುಹಾಕಿರುವುದರಿಂದ ಈಗ ಪ್ರತ್ಯೇಕ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿಕೊಳ್ಳಬೇಕು. ಗ್ರಾಹಕರ ಚಿತ್ರಗಳ ಏಕೈಕ ಪ್ರತಿಯನ್ನು ಇದಕ್ಕೆ ಒಪ್ಪಿಸಲು ನಾನಿನ್ನೂ ಸಿದ್ಧನಿಲ್ಲ.