ಜಯನಗರದಲ್ಲಿ ಆರು ಭಾನುವಾರ: ಮನೋವಿಜ್ಞಾನದ ಪ್ರಯೋಗ ಕಲಿಸುವ ತರಗತಿಯ ವಿಮರ್ಶೆ

ಮನೋವಿಜ್ಞಾನದಲ್ಲಿ ಪ್ರಯೋಗ ನಡೆಸುವ ಕ್ರಮವನ್ನು ಮೊದಲಿನಿಂದ ಕಲಿಸುವುದಾಗಿ ಹೇಳಿ ಜಯನಗರದ ಖಾಸಗಿ ಕೇಂದ್ರವೊಂದು ನಡೆಸಿದ ಆರು ಭಾನುವಾರಗಳ ತರಗತಿಗೆ, 3,000 ರೂಪಾಯಿ ಶುಲ್ಕ ಕಟ್ಟಿ, ಒಂದು ದಿನವೂ ತಪ್ಪಿಸದೆ ಹೋಗಿಬಂದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಪಾಠವನ್ನು ಗಟ್ಟಿಯಾಗಿ ಓದಿಸಿದರೆ ಮಕ್ಕಳಿಗೆ ಹೆಚ್ಚು ನೆನಪಿರುತ್ತದೆಯೇ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ; ಅದನ್ನು ಪರೀಕ್ಷಿಸುವ ದಾರಿ ತಿಳಿಯಬೇಕೆಂದೇ ಸೇರಿದ್ದೆ.

ಮೊದಲ ತರಗತಿಯೊಂದಕ್ಕೇ ಅಷ್ಟು ಶುಲ್ಕ ಕೊಡಬಹುದಾಗಿತ್ತು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ವಿವರಿಸಿದ ಚಹಾದ ಪರೀಕ್ಷೆಯನ್ನು ಅಧ್ಯಾಪಕರು ಫಿಲ್ಟರ್ ಕಾಫಿಗೆ ಹೊಂದಿಸಿಕೊಂಡಿದ್ದರು. ಡಿಕಾಕ್ಷನ್ ಮೊದಲು ಹಾಕಿದ್ದೋ ಹಾಲು ಮೊದಲು ಹಾಕಿದ್ದೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದ ಸಹಪಾಠಿಯೊಬ್ಬರ ಮುಂದೆ, ತಲಾ ನಾಲ್ಕರಂತೆ ಎಂಟು ಲೋಟಗಳನ್ನು, ಚೀಟಿ ಎತ್ತಿ ನಿರ್ಧರಿಸಿದ ಅನುಕ್ರಮದಲ್ಲಿ ಇಡಲಾಯಿತು. ಕಾಫಿ ಬೆರೆಸಿದವರು ಆ ಕೋಣೆಯಲ್ಲಿರಲಿಲ್ಲ. ಲೋಟ ಕೊಟ್ಟವರಿಗೂ ಯಾವುದು ಯಾವುದೆಂದು ತಿಳಿದಿರಲಿಲ್ಲ. ಲೆಕ್ಕ ಮಾಡುವುದೆಂದು ಹೆಸರಾಗಿದ್ದ ಹಾನ್ಸ್ ಎಂಬ ಕುದುರೆ, ಪ್ರಶ್ನೆ ಕೇಳುವವರ ತಲೆಯ ಸೂಕ್ಷ್ಮ ಚಲನೆಯಿಂದ ಉತ್ತರ ಹಿಡಿಯುತ್ತಿತ್ತೆಂದು ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದ್ದನ್ನು ಅಲ್ಲಿಯೇ ವಿವರಿಸಿದ್ದರಿಂದ, ಈ ಎಚ್ಚರಿಕೆ ಏಕೆಂಬುದು ಎಲ್ಲರಿಗೂ ಮನದಟ್ಟಾಯಿತು.

ಸಹಪಾಠಿ ಹಾಲು ಮೊದಲು ಹಾಕಿದ ನಾಲ್ಕರಲ್ಲಿ ಮೂರನ್ನು ಸರಿಯಾಗಿ ಗುರುತಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಂಟರಲ್ಲಿ ನಾಲ್ಕನ್ನು 70 ರೀತಿಗಳಲ್ಲಿ ಆರಿಸಬಹುದು, ಸುಮ್ಮನೆ ಊಹಿಸಿದರೂ ಮೂರು ಅಥವಾ ಹೆಚ್ಚು ಸರಿಯಾಗುವ ರೀತಿಗಳು 17 ಎಂದು ಅಧ್ಯಾಪಕರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಹೆಚ್ಚುಕಡಿಮೆ ನಾಲ್ಕಕ್ಕೊಂದು ಸಾಧ್ಯತೆ. ನಾಲ್ಕನ್ನೂ ಗುರುತಿಸಿದ್ದರೆ ಅದು 70ಕ್ಕೆ ಒಂದಾಗುತ್ತಿತ್ತು. ಸಿಕ್ಕ ಫಲಿತಾಂಶದಿಂದ ಆಕೆಯ ಮಾತನ್ನು ಒಪ್ಪುವಂತೆಯೂ ಇಲ್ಲ, ಸುಳ್ಳೆನ್ನುವಂತೆಯೂ ಇಲ್ಲ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಕಲಿಸಿದ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎರಡನೆಯ ವಾರ ಸ್ವತಂತ್ರ ಚರ (ಪ್ರಯೋಗದಲ್ಲಿ ನಾವು ಬದಲಿಸುವ ಅಂಶ), ಅವಲಂಬಿತ ಚರ (ಅದರ ಪರಿಣಾಮವೆಂದು ಅಳೆಯುವ ಅಂಶ), ನಿಯಂತ್ರಿತ ಗುಂಪು (ಆ ಬದಲಾವಣೆಯಿಲ್ಲದೆ ಹೋಲಿಕೆಗೆ ಇಡುವ ಗುಂಪು) ಇವುಗಳ ಪರಿಚಯ ಸಮರ್ಪಕವಾಗಿತ್ತು. ಇತಿಹಾಸ ಹೇಳುವಾಗ 1879ರ ಲೈಪ್‌ಜಿಗ್‌ನ ವುಂಟ್ ಪ್ರಯೋಗಾಲಯಕ್ಕೆ (ಮನೋವಿಜ್ಞಾನದ ಮೊದಲನೆಯದೆಂದು ಹೆಸರಾದದ್ದು) ಅರ್ಧ ಗಂಟೆ ಮೀಸಲಿಟ್ಟು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರ ಹೆಸರನ್ನೂ ಎತ್ತದಿದ್ದುದು ನನಗೆ ನೋವು ತಂದಿತು.

ಮುಖ್ಯ ಲೋಪ ಕಂಡದ್ದು ಮೂರನೆಯ ವಾರ. ಇಪ್ಪತ್ತು ಪದಗಳ ಪಟ್ಟಿಯನ್ನು ಮುಂದಿನ ಸಾಲಿನ ಹನ್ನೆರಡು ಮಂದಿ ಗಟ್ಟಿಯಾಗಿಯೂ ಹಿಂದಿನ ಹನ್ನೆರಡು ಮಂದಿ ಮನಸ್ಸಿನಲ್ಲೇ ಓದಿಕೊಂಡೆವು. ಮುಂದಿನವರು ಸರಾಸರಿ ನಾಲ್ಕು ಪದ ಹೆಚ್ಚು ನೆನಪಿಟ್ಟಿದ್ದರು. ಆದರೆ ಮುಂದೆ ಕುಳಿತವರು ಬೇಗ ಬಂದವರು. ಹಿಂದಿನವರಲ್ಲಿ ಹೆಚ್ಚಿನವರು ಯಲಹಂಕ, ವೈಟ್‌ಫೀಲ್ಡ್ ಕಡೆಯಿಂದ ಎರಡು ಬಸ್ಸು ಬದಲಿಸಿ ದಣಿದು ಬಂದವರು. ದಣಿವೆಂಬ ಬಾಹ್ಯ ಚರ (ನಾವು ಪರೀಕ್ಷಿಸದಿದ್ದರೂ ಫಲಿತಾಂಶವನ್ನು ಬದಲಿಸಬಲ್ಲ ಅಂಶ) ಓದುವ ರೀತಿಯೊಡನೆ ಹೀಗೆ ಹೆಣೆದುಕೊಂಡಿರುವಾಗ ವ್ಯತ್ಯಾಸಕ್ಕೆ ಕಾರಣ ಯಾವುದೆಂದು ಹೇಳಲಾಗದು. ಯಾದೃಚ್ಛಿಕ ಹಂಚಿಕೆಯನ್ನು, ಅಂದರೆ ಯಾರು ಯಾವ ಗುಂಪಿಗೆಂದು ಚೀಟಿ ಎತ್ತಿದಂತೆ ನಿರ್ಧರಿಸುವುದನ್ನು, ಕಲಿಸುವ ತರಗತಿಯಲ್ಲೇ ಅದು ತಪ್ಪಬಾರದಿತ್ತು.

ನಾನು ಇದನ್ನು ಹೇಳಿದಾಗ ಅಧ್ಯಾಪಕರು ತಕ್ಷಣ ಒಪ್ಪಿಕೊಂಡು, ಮರುವಾರ ಹೊಸ ಪದಪಟ್ಟಿಯೊಡನೆ, ಚೀಟಿ ಎತ್ತಿಸಿ ಗುಂಪು ಮಾಡಿ ಪ್ರಯೋಗವನ್ನು ಪುನಃ ನಡೆಸಿದರು. ವ್ಯತ್ಯಾಸ ಒಂದು ಪದಕ್ಕೆ ಇಳಿಯಿತು. ಒಬ್ಬರೇ ಕೆಲವು ಪದಗಳನ್ನು ಗಟ್ಟಿಯಾಗಿ, ಕೆಲವನ್ನು ಮೌನವಾಗಿ ಓದಿದಾಗ ಗಟ್ಟಿ ಓದಿನ ಲಾಭ ಎದ್ದು ಕಾಣುತ್ತದೆ, ಬೇರೆ ಬೇರೆ ಗುಂಪುಗಳನ್ನು ಹೋಲಿಸಿದಾಗ ಅದು ಕುಗ್ಗುತ್ತದೆ ಎಂಬ ಅವರ ವಿವರಣೆ ನನ್ನ ಪ್ರಶ್ನೆಗೆ ನೇರವಾಗಿ ತಾಗಿತು. ತರಗತಿಯವರೆಲ್ಲ ಇಡೀ ಪಾಠವನ್ನು ಗಟ್ಟಿಯಾಗಿ ಓದಿದರೆ, ಯಾವ ಭಾಗವೂ ಉಳಿದುದಕ್ಕಿಂತ ಎದ್ದು ನಿಲ್ಲುವುದಿಲ್ಲವಲ್ಲ!

ಕೊನೆಯ ವಾರ ಸಂಖ್ಯಾಶಾಸ್ತ್ರವನ್ನೆಲ್ಲ ಎರಡು ಗಂಟೆಗಳಲ್ಲಿ ತುರುಕಿದ್ದು ಸರಿಯಲ್ಲ. ಅದಕ್ಕೆ ಇನ್ನೊಂದು ಭಾನುವಾರ ಬೇಕು. ಪಾಠ ಕನ್ನಡದಲ್ಲೇ ನಡೆದರೂ, ಪ್ರಯೋಗದಲ್ಲಿ ಭಾಗವಹಿಸುವವರು ಸಹಿ ಹಾಕುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ತಿಳಿದು ಕೊಟ್ಟರಷ್ಟೇ ಅದು ಒಪ್ಪಿಗೆ. ಬಯಸಿದಾಗ ಬಿಟ್ಟುಹೋಗಬಹುದೆಂಬ ಸಾಲು ಅದರಲ್ಲಿದೆಯೆಂದು, ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರಿಗೆ ನಾನು ಓದಿ ಹೇಳಿದ ಮೇಲೆಯೇ ತಿಳಿದದ್ದು. ಆ ಪತ್ರವನ್ನು ಕನ್ನಡದಲ್ಲಿ ಬರೆದು ಕೇಂದ್ರಕ್ಕೆ ಕೊಟ್ಟು ಬಂದಿದ್ದೇನೆ. ಮುಂದಿನ ತಂಡಕ್ಕೆ ಅದನ್ನೇ ಹಂಚುವುದಾಗಿ ಅವರು ಹೇಳಿದ್ದಾರೆ.