ಹುಣ್ಣಿಮೆ ರಾತ್ರಿ ಕ್ಷೀರಪಥ ತೋರಿಸ್ತೀವಿ ಅಂತಾರೆ: ಚಿತ್ರದುರ್ಗದ ಕಡೆ ಕ್ಯಾಂಪಿಂಗ್ ಹೋಗೋರು ದಯವಿಟ್ಟು ಓದಿ

ಮನೆಮಂದಿ ಎದುರು ಆದ ಅವಮಾನಕ್ಕೆ ಇದನ್ನ ಬರೆಯೋಕೆ ಇಷ್ಟು ದಿನ ಮನಸ್ಸೇ ಬಂದಿರಲಿಲ್ಲ. ಆದರೆ ನಮ್ಮನ್ನ ಕ್ಯಾಂಪಿಂಗ್‌ಗೆ ಕರೆಸಿದ್ದ ಅದೇ ಜನ, ಕ್ಷೀರಪಥದ (ಆಕಾಶದಲ್ಲಿ ಹಾಲು ಚೆಲ್ಲಿದಂಗೆ ಕಾಣೋ ನಕ್ಷತ್ರಗಳ ಪಟ್ಟಿ) ಅದೇ ಫೋಟೊ ಹಾಕಿ ಮತ್ತೆ ಬುಕಿಂಗ್ ತಗೊಳ್ತಿರೋದು ಕಣ್ಣಿಗೆ ಬಿತ್ತು. ಇನ್ನು ಸುಮ್ಮನಿರೋಕಾಗಲ್ಲ.

2024ರ ಡಿಸೆಂಬರ್ 14, ಎರಡನೇ ಶನಿವಾರ. ಅವರ ಜಾಹೀರಾತು ಹೀಗಿತ್ತು: "ಜೆಮಿನಿಡ್ ಉಲ್ಕಾಪಾತ, ಕಗ್ಗತ್ತಲ ಆಕಾಶ, ಜೋಗಿಮಟ್ಟಿ ಕಾಡಲ್ಲಿ ಕ್ಷೀರಪಥದ ಕೆಳಗೆ ನಿದ್ದೆ." ತಲೆಗೆ 1,800 ರೂಪಾಯಿ, ಪೂರ್ತಿ ಮುಂಗಡ. ಹುಬ್ಬಳ್ಳಿಯಿಂದ ನಾದಿನಿ ಮಗನನ್ನ ಕರ್ಕೊಂಡು ಬಂದಿದ್ದಳು, ಹುಡುಗನಿಗೆ ನಕ್ಷತ್ರ ಅಂದ್ರೆ ಪ್ರಾಣ. ದಾವಣಗೆರೆಯಿಂದ ಎಲ್ಲರನ್ನೂ ಹೊರಡಿಸಿದ್ದು ನಾನೇ. ಜೋಗಿಮಟ್ಟಿ ವನ್ಯಜೀವಿಧಾಮ, ಕರಡಿ ಚಿರತೆ ಓಡಾಡೋ ಕಾಡು, ಅರಣ್ಯ ಇಲಾಖೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿದ್ದೆ. "ಪರ್ಮಿಷನ್ ಎಲ್ಲಾ ನಮ್ದು ಮೇಡಂ, ನೀವು ಬಂದ್ರೆ ಸಾಕು" ಅಂದರು.

ಸಂಜೆ ಅವರು ಕಳಿಸಿದ ಲೊಕೇಶನ್ ಹಿಡಿದು ಹೋದರೆ ಕಾಡೂ ಇಲ್ಲ, ಮೇಡೂ ಇಲ್ಲ. ಹೆದ್ದಾರಿ ಮಗ್ಗುಲಲ್ಲೇ ಶೇಂಗಾ ಕಿತ್ತು ಖಾಲಿ ಬಿಟ್ಟ ಹೊಲ. ಒಂದು ಕಡೆ ಲಾರಿಗಳ ಹೆಡ್‌ಲೈಟು, ಇನ್ನೊಂದು ಕಡೆ ಗುಡ್ಡದುದ್ದಕ್ಕೂ ಗಾಳಿ ವಿದ್ಯುತ್ ಫ್ಯಾನುಗಳ ಕೆಂಪು ದೀಪ. ಸಾಲದ್ದಕ್ಕೆ ಹೊಲದ ನಡುವೆ ಕಂಬ ನೆಟ್ಟು ಫೋಕಸ್ ಲೈಟ್ ಬೇರೆ ಕಟ್ಟಿದ್ದರು. ನಕ್ಷತ್ರ ನೋಡೋ ಜಾಗದಲ್ಲಿ ಫೋಕಸ್ ಲೈಟು!

ಅಷ್ಟರಲ್ಲಾಗಲೇ ಪೂರ್ವಕ್ಕೆ ಚಂದ್ರ ಬಂದಿದ್ದ. ಮರುದಿನ ಹೊಸ್ತಿಲ ಹುಣ್ಣಿಮೆ. ಸಂಜೆ ಹುಟ್ಟಿದ ಚಂದ್ರ ಬೆಳಗಿನ ಜಾವದವರೆಗೂ ಮುಳುಗಲ್ಲ, ಅಂದ್ರೆ ಇಡೀ ರಾತ್ರಿ ಕತ್ತಲೆ ಅನ್ನೋದೇ ಇಲ್ಲ. ತೆಳು ಮೋಡವೂ ಇತ್ತು, ಅದಕ್ಕೆ ನಾನು ಏನೂ ಅನ್ನಲ್ಲ, ಮೋಡ ಯಾರ ಕೈಲೂ ಇಲ್ಲ. ಹುಣ್ಣಿಮೆ ಹಾಗಲ್ಲ, ವರ್ಷ ಮೊದಲೇ ಗೋಡೆ ಕ್ಯಾಲೆಂಡರಲ್ಲಿ ಅಚ್ಚಾಗಿರುತ್ತೆ. ದಿನ ಗೊತ್ತು ಮಾಡಿದವರಿಗೆ ಅದು ಗೊತ್ತಿರಲಿಲ್ವಾ?

"ಏನ್ರೀ ಇದು, ಕಗ್ಗತ್ತಲೆ ಅಂದಿದ್ರಿ" ಅಂದೆ. "ಮೇಡಂ, ಮೂನ್‌ಲೈಟ್ ಕ್ಯಾಂಪಿಂಗ್‌ಗೆ ಬೇರೆ ಕಡೆ ಜಾಸ್ತಿ ರೇಟ್ ಇದೆ, ನಿಮಗೆ ಅದೇ ರೇಟಲ್ಲಿ ಕೊಟ್ಟಿದೀವಿ." ಕ್ಷೀರಪಥ ಎಲ್ಲಿ ಅಂದರೆ "ಎರಡು ಗಂಟೆ ಮೇಲೆ ಬರುತ್ತೆ, ಮಲಗಿರಿ, ಎಬ್ಬಿಸ್ತೀವಿ."

ಹಸಿ ಸುಳ್ಳು. ಅವರ ಫೋಟೊದಲ್ಲಿರೋ ಕ್ಷೀರಪಥದ ದಟ್ಟ ಭಾಗ, ಅದರ ನಡುಮಧ್ಯ, ಇರೋದು ಧನು ರಾಶಿಯ ದಿಕ್ಕಲ್ಲಿ. ಇನ್ನೇನು ಧನುರ್ಮಾಸ ಶುರು, ಸೂರ್ಯನೇ ಅಲ್ಲಿಗೆ ಬಂದು ನಿಂತಿರ್ತಾನೆ. ಆ ಭಾಗ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತೆ. ರಾತ್ರಿ ಎರಡಕ್ಕಲ್ಲ, ಎಷ್ಟು ಹೊತ್ತಿಗೆ ಎದ್ದರೂ ಕಾಣಲ್ಲ. ಅದನ್ನ ನೋಡಬೇಕಾದ್ರೆ ಏಪ್ರಿಲ್, ಮೇ ಅಮಾವಾಸ್ಯೆ ಆಸುಪಾಸು, ನಡುರಾತ್ರಿ ಕಳೆದ ಮೇಲೆ. ಜೆಮಿನಿಡ್ ಅಂತೂ ನಿಜವೇ, ಪ್ರತಿ ವರ್ಷ ಡಿಸೆಂಬರ್ 13, 14ರ ಸುಮಾರಿಗೆ ಜೋರಾಗಿರುತ್ತೆ, ಒಳ್ಳೆ ಕತ್ತಲಲ್ಲಿ ಗಂಟೆಗೆ 100ರ ಮೇಲೆ ಬೀಳೋದೂ ಉಂಟು. ಆದರೆ ಹುಣ್ಣಿಮೆ ಬೆಳಕಲ್ಲಿ ಮಂಕು ಉಲ್ಕೆಗಳೆಲ್ಲ ತೊಳೆದುಹೋಗ್ತಾವೆ.

ನನಗೆ ಮೈಯೆಲ್ಲ ಉರಿದಿದ್ದು ಹನ್ನೊಂದರ ಮೇಲೆ. "ಖಗೋಳ ತಜ್ಞರು" ಅಂತ ಪರಿಚಯ ಮಾಡಿಸಿದ್ದ ಹುಡುಗ ಹಸಿರು ಲೇಸರ್ ಎತ್ತಿ, ನೆತ್ತಿ ಹತ್ತಿರ ಚಂದ್ರನ ಪಕ್ಕ ಹೊಳೀತಿದ್ದದ್ದನ್ನ ತೋರಿಸಿ, "ಇದೇ ಧ್ರುವ ನಕ್ಷತ್ರ" ಅಂದ. ನಾದಿನಿ ಮಗ ಮೆಲ್ಲಗೆ ನನ್ನ ಶಾಲು ಜಗ್ಗಿದ. "ಅತ್ತೆ, ಅದು ಗುರು ಗ್ರಹ. ಧ್ರುವ ಉತ್ತರಕ್ಕೆ ಕೆಳಗಿರುತ್ತೆ." ಮಗು ಹೇಳಿದ್ದೇ ಸರಿ. ಚಿತ್ರದುರ್ಗದಿಂದ ಧ್ರುವ ಕಾಣೋದು ದಿಗಂತದಿಂದ ಬರೀ 14 ಡಿಗ್ರಿ ಮೇಲೆ. ಶಾಲೆಗೆ ಹೋಗೋ ಹುಡುಗನಿಗೆ ಗೊತ್ತಿರೋದು ದುಡ್ಡು ಇಸ್ಕೊಂಡವನಿಗೆ ಗೊತ್ತಿಲ್ಲ. ನಾದಿನಿ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ರೇ ವಾಸಿಯಿತ್ತು.

ಬಯಲಲ್ಲಿ ಮಲಗೋಕೆ ಕೊಟ್ಟಿದ್ದು ತಾಡಪಾಲು, ಅದರ ಮೇಲೊಂದು ಜಮಖಾನ. ಮೂರರ ಹೊತ್ತಿಗೆ ಇಬ್ಬನಿ ಇಳಿದು ರಗ್ಗೆಲ್ಲ ಒದ್ದೆ. ಹೆಂಗಸರಿಗೆ ಶೌಚಾಲಯ ಅಂತ ತೋರಿಸಿದ್ದು ನಾಲ್ಕು ಗೂಟಕ್ಕೆ ಸುತ್ತಿದ ಹಸಿರು ನೆಟ್ಟು, ಒಳಗೆ ಫೋಕಸ್ ಲೈಟಿನ ಬೆಳಕು ನೇರ ಬೀಳ್ತಿತ್ತು. ನಾನೂ ನಾದಿನಿಯೂ ಬೆಳಗಿನವರೆಗೆ ನೀರು ಕುಡಿಯದೆ ಕೂತಿದ್ವಿ. ಯಾರೂ ಯಾರನ್ನೂ ಎಬ್ಬಿಸಲಿಲ್ಲ.

ದುಡ್ಡು ವಾಪಸ್ ಕೇಳಿದೆ. ಮೊದಲ ಉತ್ತರ: "ಆಕಾಶ ನಮ್ಮ ಕೈಲಿಲ್ಲ ಮೇಡಂ." ಆಮೇಲೆ: "ಊಟ ಮಾಡಿದ್ರಲ್ವಾ, ಮಲಗಿದ್ರಲ್ವಾ?" ಬಿಲ್ ಕೊಡಿ ಅಂದೆ, ಅಲ್ಲಿಂದ ನನ್ನ ನಂಬರ್ ಬ್ಲಾಕ್. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಇನ್ನೂ ಒಂದು ರೂಪಾಯಿ ಬಂದಿಲ್ಲ.

ಹೋಗೋರು ಅಮಾವಾಸ್ಯೆ ಹತ್ತಿರದ ದಿನವೇ ಆರಿಸ್ಕೊಳ್ಳಿ. ಜಾಗದ ಲೊಕೇಶನ್ ಬರೋವರೆಗೂ ಒಂದು ಪೈಸೆ ಹಾಕಬೇಡಿ. ಕಾಡು ಅಂದ್ರೆ ಅನುಮತಿ ಪತ್ರದ ಫೋಟೊ ಕೇಳಿ, ಹೆಂಗಸರಿದ್ರೆ ಶೌಚಾಲಯದ ಫೋಟೊನೂ ಕೇಳಿ. "ಬಂದ್ರೆ ಸಾಕು ಮೇಡಂ" ಅಂದ್ರೆ ಫೋನ್ ಇಟ್ಟುಬಿಡಿ.