ಮಳೆ, ಕೆಂಪು ಮಣ್ಣು, ಮಲ್ಪೆಯ ಮರಳು: ಸೈಕಲ್ ಚೈನಿಗೆ ಯಾವುದು ಸರಿ?

ಚೈನಿನ ಹೊರಗೆ ಕಾಣುವ ಕೆಸರಿಗೆ ನಾನು ಅಷ್ಟು ಹೆದರುವುದಿಲ್ಲ. ಹಾಳು ಮಾಡುವುದು ಒಳಗೆ ಸೇರಿದ್ದು. ಪ್ರತಿ ಕೊಂಡಿಯ ಒಳಗೆ ಒಂದು ಪಿನ್ನು, ಅದರ ಸುತ್ತ ತಿರುಗುವ ರೋಲರ್, ನಡುವೆ ಸಣ್ಣ ಸಂದು. ಆ ಸಂದಿಗೆ ಎಣ್ಣೆಯ ಜೊತೆ ಮರಳಿನ ಪುಡಿ ಹೋಯಿತು ಅಂದರೆ ಪೆಡಲ್ ತುಳಿದಷ್ಟೂ ಅರೆಯುತ್ತಲೇ ಇರುತ್ತದೆ. ಪಿನ್ನು ಸವೆದು ಚೈನು ಉದ್ದ ಆಗುತ್ತದೆ, ಉದ್ದ ಆದ ಚೈನು ಗೇರಿನ ಹಲ್ಲುಗಳನ್ನೂ ತಿಂದು ಹಾಕುತ್ತದೆ.

ನಾನು ದಿನಾ ಉಡುಪಿಯ ಕಡಿಯಾಳಿಯಿಂದ ಮಣಿಪಾಲಕ್ಕೆ ಏರು ಹತ್ತುತ್ತೇನೆ. ಭಾನುವಾರ ಮಲ್ಪೆ ಸೇತುವೆ ದಾಟಿ ಪಡುಕೆರೆ ದಾರಿಯಲ್ಲಿ ಮಟ್ಟುವರೆಗೆ. ಒಂದು ಕಡೆ ಮುರಕಲ್ಲಿನ ಕೆಂಪು ಮಣ್ಣು, ಇನ್ನೊಂದು ಕಡೆ ಮರಳು, ಉಪ್ಪುಗಾಳಿ. ಎರಡು ವರ್ಷದಲ್ಲಿ ಎರಡು ಚೈನು ಹೋದ ಮೇಲೆ ಒಂದೊಂದೇ ಉಪಾಯ ಹಾಕಿ ನೋಡಿದೆ.

ಮೊದಲು ಎಂಜಿನ್ ಆಯಿಲ್. ಗ್ಯಾರೇಜಿನಲ್ಲಿ ಸುಮ್ನೆ ಸಿಗುತ್ತದೆ ಅಂತ ಬಳಸಿದ ಆಯಿಲ್ ತಂದು ಹಾಕಬೇಡಿ, ಅದರಲ್ಲಿ ಮೊದಲೇ ಲೋಹದ ಪುಡಿ ಇರುತ್ತದೆ. ಹೊಸ ಆಯಿಲ್ ಕೂಡ ದಪ್ಪಗೆ ಬಳಿದರೆ ಪಡುಕೆರೆಯ ಅರ್ಧ ಮರಳು ಚೈನಿಗೇ ಅಂಟಿಕೊಂಡು ಬರುತ್ತದೆ. ಗ್ರೀಸ್ ಇನ್ನೂ ಕಡೆ, ಹೊರಗೇ ಕೂತು ಧೂಳು ಹಿಡಿಯುತ್ತದೆ, ಒಳಗೆ ಇಳಿಯುವುದೇ ಇಲ್ಲ.

ಅಂಗಡಿಯಲ್ಲಿ ಸಿಗುವ ಚೈನ್ ಲ್ಯೂಬ್, ಅಂದರೆ ಚೈನಿಗೆಂದೇ ಮಾಡಿದ ಎಣ್ಣೆ, ಎರಡು ಬಗೆ. ತೆಳುವಾದ ಡ್ರೈ ಲ್ಯೂಬ್ ಡಿಸೆಂಬರಿನಿಂದ ಏಪ್ರಿಲ್ ತನಕ ಚೆನ್ನಾಗಿತ್ತು, ಧೂಳು ಕಡಿಮೆ ಹಿಡಿಯಿತು. ಜೂನಿನ ಮೊದಲ ಮಳೆಗೆ ಒಂದೇ ಸವಾರಿಯಲ್ಲಿ ತೊಳೆದುಹೋಗಿ ಮರುದಿನ ಬೆಳಿಗ್ಗೆ ಚೈನಿನಲ್ಲಿ ಕಂದು ತುಕ್ಕು ಕಂಡಿತು. ದಪ್ಪದ ವೆಟ್ ಲ್ಯೂಬ್ ಮಳೆಗೆ ನಿಂತಿತು, ಆದರೆ ಅದಕ್ಕೆ ಶಿಸ್ತು ಬೇಕು. ಪ್ರತಿ ರೋಲರಿಗೆ ಒಂದೇ ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹಳೆ ಬನಿಯನ್ ಬಟ್ಟೆಯಲ್ಲಿ ಹೊರಗಿನದ್ದೆಲ್ಲ ಒರೆಸಿ ತೆಗೆಯಬೇಕು. ಎಣ್ಣೆಗೆ ಕೆಲಸ ಇರುವುದು ಒಳಗೆ ಅಲ್ವಾ, ಹೊರಗೆ ಉಳಿದದ್ದು ಮರಳಿಗೆ ಗೋಂದು ಅಷ್ಟೇ.

ಮೇಣ ನನಗೆ ನಿಜವಾಗಿ ಖುಷಿ ಕೊಟ್ಟದ್ದು. ಕಷ್ಟ ಇರುವುದು ಮೊದಲ ಸಲ ಮಾತ್ರ: ಹೊಸ ಚೈನಿಗೆ ಕಂಪನಿಯವರು ಹಾಕಿದ ಜಿಡ್ಡು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಮೇಣ ಹಿಡಿಯುವುದಿಲ್ಲ. ನಾನು ಸೀಮೆಎಣ್ಣೆಯಲ್ಲಿ ಎರಡು ಸಲ, ಕೊನೆಗೆ ಪೆಟ್ರೋಲಿನಲ್ಲಿ ಒಂದು ಸಲ ಅಂಗಳದಲ್ಲಿ ತೊಳೆದು, ಬೆಂಕಿಯ ಹತ್ತಿರ ತರದೆ ಪೂರ್ತಿ ಒಣಗಿಸಿದೆ. ಆಮೇಲೆ ಬಿಳಿ ಪ್ಯಾರಾಫಿನ್ ಮೇಣವನ್ನು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಇಡಲೇಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಚೈನು ಮುಳುಗಿಸಿದರೆ ಗುಳ್ಳೆ ಏಳುತ್ತದೆ, ಅದು ನಿಂತ ಮೇಲೆ ತೆಗೆದು ನೇತುಹಾಕಿ. ತಣಿದಾಗ ಕೋಲಿನ ಹಾಗೆ ಗಟ್ಟಿ ಇರುತ್ತದೆ, ಸೈಕಲಿಗೆ ಹಾಕಿ ಸ್ವಲ್ಪ ಪೆಡಲ್ ತುಳಿದರೆ ಸಡಿಲ ಆಗುತ್ತದೆ. ಆಮೇಲೆ ಮಟ್ಟುವಿಗೆ ಹೋಗಿ ಬಂದು ಚೈನನ್ನು ಬೆರಳಲ್ಲಿ ಮುಟ್ಟಿದರೂ ಕಪ್ಪಾಗಲಿಲ್ಲ! ಮರಳು ಅಂಟುವುದೇ ಇಲ್ಲ, ಉದುರಿಹೋಗುತ್ತದೆ. ಆದರೆ ಮಳೆಗಾಲಕ್ಕೆ ಇದು ಆಗುವುದಿಲ್ಲ. ನೆನೆದ ಸವಾರಿ ಮುಗಿದ ಕೂಡಲೇ ಒಣಗಿಸಿ ಮತ್ತೆ ಮೇಣ ಹಾಕದಿದ್ದರೆ ತುಕ್ಕು ಗ್ಯಾರಂಟಿ, ಜುಲೈಯಲ್ಲಿ ಅದನ್ನು ದಿನಾ ಮಾಡಲು ಯಾರಿಗೆ ಪುರುಸೊತ್ತು ಉಂಟು?

ಇಷ್ಟೆಲ್ಲ ಆದ ಮೇಲೆ ಅಪ್ಪನ ಹಳೆ ಸೈಕಲ್ ನೆನಪಾಯಿತು. ಅದಕ್ಕೆ ಪೂರ್ತಿ ಮುಚ್ಚಿದ ತಗಡಿನ ಚೈನ್ ಕವರ್. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಡುತ್ತಿದ್ದರು, ಅಷ್ಟೇ. ಮಣ್ಣು ಬಂದ ಮೇಲೆ ತೆಗೆಯುವುದಕ್ಕಿಂತ ಬರದ ಹಾಗೆ ಮಾಡುವುದರಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ಹಿಂದಿನ ಚಕ್ರ ಪಂಕ್ಚರ್ ಆದರೆ ಬಿಚ್ಚುವ ಕೆಲಸ ಜಾಸ್ತಿ, ನಿಜ. ನನ್ನ ಗೇರ್ ಸೈಕಲಿಗೆ ಅದು ಕೂರುವುದಿಲ್ಲ, ಯಾಕೆಂದರೆ ಗೇರ್ ಬದಲಿಸುವಾಗ ಚೈನು ಅಡ್ಡಕ್ಕೆ ಸರಿಯಬೇಕು. ಗೇರಿಲ್ಲದ ಸೈಕಲ್ ಇರುವವರು ಹಾಕಿಸಿಕೊಳ್ಳಿ, ಬೇರೆ ಯೋಚನೆಯೇ ಬೇಡ.

ಗೇರ್ ಸೈಕಲಿಗೆ ಅದರ ಬದಲು ಮುಂದಿನ ಮಡ್‌ಗಾರ್ಡಿಗೆ ಒಂದು ಉದ್ದನೆಯ ಫ್ಲ್ಯಾಪ್. ಚೈನಿಗೆ ಬೀಳುವ ಕೆಸರು ಹೆಚ್ಚಿನದ್ದು ಮುಂದಿನ ಚಕ್ರದಿಂದಲೇ ಎರಚುತ್ತದೆ. ಇದು ನನಗೆ ತುಂಬ ತಡವಾಗಿ ಗೊತ್ತಾಯಿತು. ಅಡುಗೆ ಎಣ್ಣೆಯ ಖಾಲಿ ಕ್ಯಾನ್ ಕತ್ತರಿಸಿ, ಎರಡು ತೂತು ಮಾಡಿ, ನಟ್ಟು ಬೋಲ್ಟು ಹಾಕಿ ಮಡ್‌ಗಾರ್ಡಿನ ತುದಿಗೆ ಕಟ್ಟಿದೆ. ನೆಲಕ್ಕೆ ನಾಲ್ಕು ಬೆರಳು ಅಂತರ ಬಿಟ್ಟರೆ ಸಾಕು. ಕವರಿನಷ್ಟು ಕಾಪಾಡುವುದಿಲ್ಲ, ಆದರೂ ಲ್ಯೂಬ್ ಬದಲಿಸಿ ಸಿಕ್ಕ ಲಾಭಕ್ಕಿಂತ ಇದರಿಂದ ಸಿಕ್ಕದ್ದು ಜಾಸ್ತಿ.

ಈಗ ಫ್ಲ್ಯಾಪ್ ವರ್ಷವಿಡೀ ಇರುತ್ತದೆ. ಮಳೆಗಾಲಕ್ಕೆ ವೆಟ್ ಲ್ಯೂಬ್, ನವೆಂಬರಿನಿಂದ ಮೇಣ. ತಿಂಗಳಿಗೊಮ್ಮೆ ಸ್ಕೇಲ್ ಹಿಡಿದು ಅಳೆಯುತ್ತೇನೆ: ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24 ಪಿನ್ನು ದಾಟಿದರೆ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚು ಬಂದರೆ ಚೈನು ಬದಲಿಸಬೇಕು. 1/8 ಬರುವ ತನಕ ಬಿಟ್ಟರೆ ಹಿಂದಿನ ಗೇರಿನ ಹಲ್ಲುಗಳೂ ಹೋಗಿರುತ್ತವೆ. ಫ್ಲ್ಯಾಪ್ ಹಾಕಿದ ಮೇಲಿನ ಮೊದಲ ಮಳೆಗಾಲ ಮುಗಿಸಿ ಅಳೆದಾಗ ನನ್ನ ಚೈನು ಇನ್ನೂ 1/16 ಮುಟ್ಟಿರಲಿಲ್ಲ.